ನಿಯಮದಂತೆ ಓಡಿಸಿದರೆ ಯಾರಿಗೆ ನಷ್ಟ?

ವ್ಯಾನ್ ತೆಗೆಯುವ ಮುಂಚೆ ಬ್ರೇಕು, ಟೈರು, ಕನ್ನಡಿ, ದೀಪ ಎಲ್ಲ ನೋಡಿ. ದೋಷ ಕಂಡರೆ ಬರೆದುಕೊಡಿ, ರಿಪೇರಿಯಾಗದೆ ಗಾಡಿ ಹೊರಡಿಸಬೇಡಿ. ಹಾಜರಿ ಬೀಳುವ ಮೊದಲು ಒಂದು ಪಾರ್ಸೆಲ್ಲನ್ನೂ ಎತ್ತಬೇಡಿ. ಊಟದ ಬಿಡುವನ್ನು ಪೂರ್ತಿ ತೆಗೆದುಕೊಳ್ಳಿ. ಓಡಬೇಡಿ, ನಡೆಯಿರಿ. ಭಾರ ಇದ್ದರೆ ಕೈಗಾಡಿ ಬಳಸಿ, ಮೆಟ್ಟಿಲಿದ್ದರೆ ಕಂಬಿ ಹಿಡಿದು ಹತ್ತಿ. ಅಮೆರಿಕದ ಯುಪಿಎಸ್ ಕಂಪನಿಯ ಕಂದು ಬಣ್ಣದ ವ್ಯಾನ್‌ಗಳನ್ನು ಓಡಿಸುವವರಿಗೆ ಟೀಮ್‌ಸ್ಟರ್ಸ್ ಸಂಘದ ಕಾರ್ಯಕರ್ತರು ವರ್ಷಗಳಿಂದ ಹೇಳುತ್ತ ಬಂದಿರುವುದು ಇಷ್ಟನ್ನೇ. ಇದರಲ್ಲಿ ಸಂಘವೇ ಹೊಸದಾಗಿ ಹುಟ್ಟಿಸಿದ ನಿಯಮ ಒಂದೂ ಇಲ್ಲ. ಹೆಚ್ಚಿನವನ್ನು ಕಂಪನಿಯೇ ತರಬೇತಿಯಲ್ಲಿ ಬಾಯಿಪಾಠ ಮಾಡಿಸುತ್ತದೆ. ಕೀಲಿ ಯಾವ ಬೆರಳಿನಲ್ಲಿರಬೇಕು ಎಂಬುದರಿಂದ ಹಿಡಿದು ಸುಮಾರು 340 ಕ್ರಮಗಳು ಅಲ್ಲಿನ ಚಾಲಕರಿಗೆ ನಿಗದಿಯಾಗಿದ್ದವು.

ಆದರೂ ಇಂಥ ಸಲಹೆ ಹೊರಬಿದ್ದಾಗಲೆಲ್ಲ ಗದ್ದಲ ಏಳುತ್ತದೆ. ಇದು ಬೇಕೆಂದೇ ಕೆಲಸ ಎಳೆಯುವ ತಂತ್ರ, ಗ್ರಾಹಕರಿಗೆ ಕೊಡುವ ಕಿರುಕುಳ, ಬಾಗಿಲ ಹಿಂದಿನಿಂದ ಬಂದ ಮುಷ್ಕರ ಎಂಬ ಆರೋಪ. ನಮ್ಮಲ್ಲೂ ರೈಲ್ವೆ, ಬ್ಯಾಂಕು, ವಿದ್ಯುತ್ ಇಲಾಖೆಗಳ ನೌಕರರು ‘ವರ್ಕ್ ಟು ರೂಲ್’ ಎಂದಾಗ ಇದೇ ಮಾತು ಕೇಳಿದ್ದೇವೆ. ಈ ಆರೋಪ ಮಾಡುವವರು ತಮ್ಮ ಬಾಯಿಂದಲೇ ಏನನ್ನು ಒಪ್ಪಿಕೊಳ್ಳುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ನಿಯಮ ಪಾಲಿಸಿದರೆ ಕೆಲಸ ನಿಲ್ಲುತ್ತದೆ ಎಂದಾದರೆ, ದಿನವೂ ನಿಯಮ ಮುರಿಯುತ್ತಾರೆ ಎಂಬ ಲೆಕ್ಕ ಹಿಡಿದೇ ಕೆಲಸ ಹಂಚಲಾಗಿದೆ. ಬೆಳಿಗ್ಗೆ ಚಾಲಕನ ಕೈಗೆ ಕೊಡುವ ಪಟ್ಟಿಯಲ್ಲಿ ಅವನ ಅರ್ಧ ಊಟದ ಹೊತ್ತು ಆಗಲೇ ಕಳೆದುಹೋಗಿದೆ.

ಇದು ಗೊತ್ತೇ ಇರಲಿಲ್ಲ ಎಂದು ಕಂಪನಿ ಹೇಳುವಂತಿಲ್ಲ. ಸೀಟ್ ಬೆಲ್ಟ್ ಹಾಕಿದ್ದಾನೋ ಇಲ್ಲವೋ, ಗಾಡಿ ಎಷ್ಟು ಸಲ ಹಿಂದಕ್ಕೆ ಸರಿಯಿತು, ಬಾಗಿಲು ಯಾವಾಗ ತೆರೆಯಿತು ಎಂಬುದನ್ನೆಲ್ಲ ಆ ವ್ಯಾನ್‌ಗಳ ಸೆನ್ಸರ್‌ಗಳು ದಾಖಲಿಸುತ್ತವೆ. ಇಷ್ಟು ಕಣ್ಣಿಟ್ಟವರಿಗೆ ಬಿಡುವಿಲ್ಲದ ಊಟ ಕಾಣುವುದಿಲ್ಲವೆ? ಕಾಣುತ್ತದೆ, ಸುಮ್ಮನಿರುತ್ತಾರೆ. ಅಪಘಾತವಾದ ದಿನ ಅದೇ ನಿಯಮದ ಪುಸ್ತಕ ಕಪಾಟಿನಿಂದ ಇಳಿಯುತ್ತದೆ. ಕ್ರಮ 117ನ್ನು ಪಾಲಿಸಿಲ್ಲ, ತಪ್ಪು ನಿನ್ನದು ಎನ್ನಲು. ಸುರಕ್ಷತೆಯ ನಿಯಮ ಕಾರ್ಮಿಕನ ಮೈ ಕಾಯಬೇಕು. ಅದು ಕಂಪನಿಯ ಮೈ ಕಾಯುವ ಕಾಗದವಾಗಿಬಿಟ್ಟಿದೆ, ಇದೇ ನನ್ನ ಆಕ್ಷೇಪ. ನಿಯಮವನ್ನು ನಿಜವಾಗಿ ಪಾಲಿಸಿ ಎಂದು ಹೇಳುವ ಸಂಘ ಆ ಕಾಗದವನ್ನು ಅದರ ಯಜಮಾನನಿಗೆ ಮರಳಿಸುತ್ತಿದೆ.

ಆದರೆ ಯುಪಿಎಸ್ ಚಾಲಕನಿಗೆ ಈ ಸಲಹೆ ಪಾಲಿಸಲು ಸಾಧ್ಯವಾಗುವುದು ಧೈರ್ಯ ಒಂದರಿಂದಲೇ ಅಲ್ಲ. ಅವನಿಗೆ ಗಂಟೆಯ ಲೆಕ್ಕದಲ್ಲಿ ಕೂಲಿ. ಎಂಟು ಗಂಟೆ ದಾಟಿದರೆ ಓವರ್‌ಟೈಮ್. ನಿಧಾನವಾಗಿ, ಸರಿಯಾಗಿ ಕೆಲಸ ಮಾಡಿದರೆ ಖರ್ಚು ಬೀಳುವುದು ಕಂಪನಿಗೆ. ಬಯಸದವರನ್ನು ದಿನಕ್ಕೆ ಒಂಬತ್ತೂವರೆ ಗಂಟೆ ಮೀರಿ ಮತ್ತೆ ಮತ್ತೆ ದುಡಿಸಿದರೆ ದಂಡದ ರೂಪದಲ್ಲಿ ಹೆಚ್ಚು ಹಣ ಕೇಳುವ ಹಕ್ಕು ಒಪ್ಪಂದದಲ್ಲೇ ಇದೆ. ಇದೆಲ್ಲ ತಾನಾಗಿ ಬಂದದ್ದಲ್ಲ. 1997ರ ಆಗಸ್ಟ್‌ನಲ್ಲಿ 1,85,000 ಮಂದಿ 15 ದಿನ ಮುಷ್ಕರ ಹೂಡಿದ್ದರು. 2023ರಲ್ಲಿ ಸುಮಾರು 3,40,000 ಮಂದಿ ಮುಷ್ಕರಕ್ಕೆ ಸಿದ್ಧರಾಗಿ ನಿಂತಿದ್ದರಿಂದ ಹೊಸ ಒಪ್ಪಂದವಾಯಿತು. ಬೇಸಿಗೆಯಲ್ಲಿ ಕುಲುಮೆಯಂತೆ ಕಾಯುವ ವ್ಯಾನ್‌ಗಳ ವಿಷಯದಲ್ಲಿ, 2024ರಿಂದ ಕೊಳ್ಳುವ ಹೊಸ ಗಾಡಿಗಳಿಗೆ ಎ.ಸಿ. ಇರಬೇಕು ಎಂಬುದು ಅದರಲ್ಲಿ ಸೇರಿತು. ಅಷ್ಟು ದೊಡ್ಡ ಕಂಪನಿಯಿಂದ ತಂಪು ಗಾಳಿಯ ಮಾತು ಪಡೆಯಲು ಚಾಲಕರು 2023ರ ತನಕ ಕಾಯಬೇಕಾಯಿತು ಎಂಬುದನ್ನೂ ಮರೆಯಬಾರದು.

ಈಗ ಇದೇ ಸಲಹೆಯನ್ನು ಬೆಂಗಳೂರಿನಲ್ಲಿ ದಿನಸಿ ತಲುಪಿಸುವ ಹುಡುಗನಿಗೆ ಕೊಟ್ಟು ನೋಡೋಣ. ಕೆಂಪು ದೀಪಕ್ಕೆ ನಿಲ್ಲು. ಒನ್‌ವೇಯಲ್ಲಿ ಎದುರು ನುಗ್ಗಬೇಡ, ಯೂ-ಟರ್ನ್ ಒಂದು ಕಿಲೋಮೀಟರ್ ಆಚೆ ಇದ್ದರೂ ಸುತ್ತಿಕೊಂಡೇ ಬಾ. ಓಡಿಸುವಾಗ ಫೋನ್ ಮುಟ್ಟಬೇಡ. ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸಬೇಡ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಎಂಟ್ರಿ ಮಾಡಿಸಿ, ಸೆಕ್ಯುರಿಟಿ ಕರೆ ಮಾಡಿ ಒಪ್ಪಿಗೆ ಪಡೆಯುವವರೆಗೆ ಕಾದು, ಸರ್ವಿಸ್ ಲಿಫ್ಟ್ ಬರುವವರೆಗೆ ನಿಂತು, ಹದಿನಾಲ್ಕನೇ ಮಹಡಿಗೆ ಹೋಗಿ ಒಟಿಪಿ ಕೇಳು. ಒಂದೊಂದೂ ಸರಿಯಾದ ಮಾತೇ. ಆದರೆ ಅವನಿಗೆ ಕೂಲಿ ಆರ್ಡರ್ ಲೆಕ್ಕದಲ್ಲಿ. ಇಷ್ಟು ಗಂಟೆಯೊಳಗೆ ಇಷ್ಟು ಆರ್ಡರ್ ಮುಗಿಸಿದರೆ ಮಾತ್ರ ಇನ್ಸೆಂಟಿವ್. ಯುಪಿಎಸ್ ಚಾಲಕ ಸಿಗ್ನಲ್‌ನಲ್ಲಿ ನಿಂತ ನಿಮಿಷಕ್ಕೆ ಸಂಬಳ ಓಡುತ್ತಿರುತ್ತದೆ. ಇವನು ನಿಂತ ನಿಮಿಷ ಇವನ ಜೇಬಿನಿಂದಲೇ ಹೋಗುತ್ತದೆ. ಪೊಲೀಸರು ಹಿಡಿದರೆ ದಂಡವೂ ಅದೇ ಜೇಬಿನಿಂದ.

ಕಂಪನಿಗಳ ಕಡೆಯ ವಾದವನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ನಮ್ಮ ಗೋದಾಮು ಬಡಾವಣೆಯೊಳಗೇ ಇದೆ, ದೂರ ಎರಡು ಕಿಲೋಮೀಟರ್ ಆಸುಪಾಸು, ಪ್ಯಾಕಿಂಗ್ ಬೇಗ ಮುಗಿಯುತ್ತದೆ, ಆದ್ದರಿಂದ ಯಾರೂ ವೇಗವಾಗಿ ಓಡಿಸಬೇಕಾಗಿಲ್ಲ ಎನ್ನುತ್ತಾರೆ. ಒಂದು ಆರ್ಡರ್ ಮಟ್ಟಿಗೆ ಈ ಲೆಕ್ಕ ಸರಿಹೋಗಬಹುದು. ಪರವಾನಗಿ ಬೇಕಿಲ್ಲದ, ಗಂಟೆಗೆ 25 ಕಿಲೋಮೀಟರ್ ಮೀರದ ಬಾಡಿಗೆ ಇ-ಬೈಕಿನಲ್ಲೂ ತಡೆಯೇ ಇಲ್ಲದ ರಸ್ತೆಯಲ್ಲಿ ಎರಡು ಕಿಲೋಮೀಟರಿಗೆ ಐದು ನಿಮಿಷ ಸಾಕು. ತಡೆಯಿಲ್ಲದ ರಸ್ತೆ ಬೆಂಗಳೂರಿನಲ್ಲಿ ಎಲ್ಲಿದೆ? ಅದಕ್ಕಿಂತ ಮುಖ್ಯವಾದದ್ದು, ಅವನು ಒಂದು ಆರ್ಡರಿಗಾಗಿ ಓಡುತ್ತಿಲ್ಲ, ಅಂದಿನ ಗಳಿಕೆಗಾಗಿ ಓಡುತ್ತಿದ್ದಾನೆ. ಗಡಿಯಾರ ಗ್ರಾಹಕನ ಪರದೆಯಲ್ಲಿರಲಿ ಬಿಡಲಿ, ಆರ್ಡರ್ ಲೆಕ್ಕದ ಕೂಲಿ ಅವನ ಬೆನ್ನ ಮೇಲೆ ಇನ್ನೊಂದು ಗಡಿಯಾರ ಕಟ್ಟಿದೆ.

2025ರ ಡಿಸೆಂಬರ್ 31ರಂದು ಡೆಲಿವರಿ ಕಾರ್ಮಿಕರ ಸಂಘಟನೆಗಳು ದೇಶದ ಹಲವು ನಗರಗಳಲ್ಲಿ ಮುಷ್ಕರಕ್ಕೆ ಕರೆ ಕೊಟ್ಟವು. ಮರು ತಿಂಗಳು ಕೇಂದ್ರ ಕಾರ್ಮಿಕ ಸಚಿವ ಮನ್ಸುಖ್ ಮಾಂಡವೀಯ ಅವರು ಕಂಪನಿಗಳ ಜೊತೆ ಮಾತನಾಡಿದ ಮೇಲೆ ದಿನಸಿ ತಲುಪಿಸುವ ಬ್ಲಿಂಕಿಟ್ ತನ್ನ ಜಾಹೀರಾತಿನಿಂದ ಹತ್ತು ನಿಮಿಷದಲ್ಲಿ ತಲುಪಿಸುವ ಭರವಸೆಯನ್ನು ತೆಗೆಯಿತು. ಒಳ್ಳೆಯದೇ ಆಯಿತು. ಆದರೆ ಫಲಕದಿಂದ ಅಂಕಿ ಅಳಿಸಿದ ಮಾತ್ರಕ್ಕೆ ಕೂಲಿಯ ಲೆಕ್ಕ ಬದಲಾಗುವುದಿಲ್ಲ, ಅದು ಬದಲಾಗದೆ ಸವಾರಿಯೂ ಬದಲಾಗುವುದಿಲ್ಲ.

ವೇಗದ ಭರವಸೆಗೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಅಮೆರಿಕದ ಒಂದು ನ್ಯಾಯಾಲಯ ಮೂವತ್ತು ವರ್ಷಕ್ಕೂ ಹಿಂದೆಯೇ ಎದುರಿಸಿತ್ತು. ಡಾಮಿನೋಸ್ ಪಿಜ್ಜಾ ಆಗ ಅಲ್ಲಿ ಮೂವತ್ತು ನಿಮಿಷದ ಖಾತರಿ ಕೊಡುತ್ತಿತ್ತು. 1989ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಡೆಲಿವರಿ ಚಾಲಕನೊಬ್ಬ ಕೆಂಪು ದೀಪ ದಾಟಿ ಒಬ್ಬ ಮಹಿಳೆಯ ಕಾರಿಗೆ ಡಿಕ್ಕಿ ಹೊಡೆದ. 1993ರ ಡಿಸೆಂಬರ್‌ನಲ್ಲಿ ಜ್ಯೂರಿ ಕಂಪನಿಯೇ ಹೊಣೆ ಎಂದು 7.8 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರ ವಿಧಿಸಿತು. ಕೆಲವೇ ದಿನಗಳಲ್ಲಿ ಆ ಖಾತರಿ ಅಮೆರಿಕದಲ್ಲಿ ಕೊನೆಗೊಂಡಿತು. ಸಿಗ್ನಲ್ ಹಾರಿದ ಕಾಲು ಚಾಲಕನದ್ದೇ. ಆ ಕಾಲನ್ನು ಒತ್ತಿದ ಕೈ ಯಾರದ್ದು ಎಂಬುದನ್ನೂ ಜ್ಯೂರಿ ನೋಡಿತು.

ಪಾದಚಾರಿಗಳ ಸಿಟ್ಟು ನ್ಯಾಯವಾದದ್ದು. ಫುಟ್‌ಪಾತ್ ಮೇಲೆ ಹಾರ್ನ್ ಹೊಡೆಯುತ್ತ ಬರುವ ಸ್ಕೂಟರಿಗೆ ಹೆದರಿ ಗೋಡೆಗೆ ಅಂಟಿಕೊಳ್ಳುವ ವೃದ್ಧರಿಗೆ ಕೂಲಿಯ ಲೆಕ್ಕಾಚಾರ ವಿವರಿಸಿ ಸಮಾಧಾನ ಹೇಳಲಾಗದು. ಅವರಿಗಾಗಿಯೇ ನಾನು ಈ ಮಾತು ಆಡುತ್ತಿದ್ದೇನೆ. ಹುಡುಗರನ್ನು ಹಿಡಿದು ದಂಡ ಹಾಕುವುದು ನಡೆದೇ ಇದೆ, ಫುಟ್‌ಪಾತ್ ಖಾಲಿಯಾಗಿಲ್ಲ. ಸವಾರ ಯಾವ ರಸ್ತೆಯಲ್ಲಿದ್ದಾನೆ ಎಂಬುದು ಗ್ರಾಹಕನ ಫೋನಿನಲ್ಲೇ ಕಾಣುವಾಗ, ಅವನು ಒನ್‌ವೇಯಲ್ಲಿ ಎದುರು ಬಂದದ್ದು ಕಂಪನಿಗೆ ಕಾಣದೆ ಇರಲು ಹೇಗೆ ಸಾಧ್ಯ? ಆರ್ಡರ್ ತಲುಪುವುದು ಒಂದು ನಿಮಿಷ ತಡವಾದರೆ ತಿಳಿಯುವ ಆ್ಯಪ್‌ಗೆ ಇದನ್ನು ತಿಳಿಯುವುದು ಕಷ್ಟದ ಕೆಲಸವಲ್ಲ.

ಕರ್ನಾಟಕ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆಮೇಲೆ ಶಾಸನಸಭೆಯ ಒಪ್ಪಿಗೆ ಪಡೆದ ಗಿಗ್ ಕಾರ್ಮಿಕರ ಕಾಯ್ದೆ ಇದೆ. ಕಾರ್ಮಿಕನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಕಂಪನಿಯಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಅದನ್ನು ನಿರ್ವಹಿಸಲು ಮಂಡಳಿ, ಕೆಲಸದಿಂದ ತೆಗೆಯುವ ಮುನ್ನ 14 ದಿನದ ನೋಟಿಸ್, ರೇಟಿಂಗ್ ಮತ್ತು ಕೆಲಸ ಹಂಚಿಕೆ ಹೇಗೆ ನಡೆಯುತ್ತದೆ ಎಂದು ತಿಳಿಯುವ ಹಕ್ಕು ಅದರಲ್ಲಿವೆ. ರಾಜಸ್ಥಾನ 2023ರಲ್ಲಿ ಮೊದಲ ಹೆಜ್ಜೆ ಇಟ್ಟಿತ್ತು. ನಮ್ಮದು ಅದರ ಮುಂದಿನ ಹೆಜ್ಜೆ ಎಂದು ಹೆಮ್ಮೆಯಿಂದಲೇ ಹೇಳಬಹುದು. ಆದರೆ ಅಪಘಾತವಾದ ಮೇಲೆ ಆಸ್ಪತ್ರೆಯ ಬಿಲ್ಲಿಗೆ ನೆರವಾಗುವುದು ಬೇರೆ, ಅಪಘಾತಕ್ಕೆ ದೂಡುವ ಕೂಲಿಯ ಲೆಕ್ಕವನ್ನು ಸರಿಪಡಿಸುವುದು ಬೇರೆ. ಗಂಟೆಗೆ ಇಷ್ಟು ಎಂಬ ಕನಿಷ್ಠ ಗಳಿಕೆಯ ಖಾತರಿ ಈ ಕಾಯ್ದೆಯಲ್ಲಿಲ್ಲ.

ಅಂಥ ಖಾತರಿ ಅಸಾಧ್ಯ, ಆ್ಯಪ್ ಕೆಲಸಗಾರರು ನೌಕರರೇ ಅಲ್ಲವಲ್ಲ ಎಂಬ ಮಾತು ಬರುತ್ತದೆ. ನ್ಯೂಯಾರ್ಕ್ ನಗರದಲ್ಲೂ ಊಟ ತಲುಪಿಸುವವರು ಕಾನೂನಿನ ಪ್ರಕಾರ ಸ್ವತಂತ್ರ ಗುತ್ತಿಗೆದಾರರೇ. ಆದರೂ ಆ ನಗರ 2023ರಲ್ಲಿ ಅವರಿಗೆ ಗಂಟೆಗೆ ಕನಿಷ್ಠ 17.96 ಡಾಲರ್ ನಿಗದಿ ಮಾಡಿತು. ಆರ್ಡರಿಗಾಗಿ ಕಾಯುವ ಹೊತ್ತೂ ಆ ಲೆಕ್ಕದಲ್ಲಿ ಸೇರಿದೆ. ಊಬರ್, ಡೋರ್‌ಡ್ಯಾಶ್, ಗ್ರಬ್‌ಹಬ್ ಕಂಪನಿಗಳು ನ್ಯಾಯಾಲಯಕ್ಕೆ ಹೋದವು, ಮೊದಲು ತಾತ್ಕಾಲಿಕ ತಡೆ ಸಿಕ್ಕಿದರೂ ಕೊನೆಗೆ ತಡೆಯಾಜ್ಞೆಯ ಕೋರಿಕೆ ತಿರಸ್ಕೃತವಾಯಿತು. 2025ರ ಏಪ್ರಿಲ್ ಹೊತ್ತಿಗೆ ಆ ದರ 21.44 ಡಾಲರ್‌ಗೆ ಏರಿತ್ತು.

ನೀತಿ ಆಯೋಗದ 2022ರ ವರದಿ ದೇಶದ ಗಿಗ್ ಕಾರ್ಮಿಕರನ್ನು 77 ಲಕ್ಷ ಎಂದು ಅಂದಾಜಿಸಿ, 2029–30ಕ್ಕೆ ಅದು 2.35 ಕೋಟಿಯಾಗಬಹುದು ಎಂದಿತ್ತು. ಇಷ್ಟು ಜನರ ದುಡಿಮೆಯನ್ನು ನಿಯಮ ಮುರಿಯುವುದರ ಮೇಲೆ ನಿಲ್ಲಿಸಿ, ಮುರಿದಾಗ ಅವರನ್ನೇ ಶಿಕ್ಷಿಸುವ ಏರ್ಪಾಡನ್ನು ನಾನು ಒಪ್ಪಲಾರೆ.

ಹಾಗೆಂದು ಇಲ್ಲಿನ ಸಂಘಗಳು ನಾಳೆಯಿಂದಲೇ ಎಲ್ಲ ಸವಾರರೂ ಒಬ್ಬೊಬ್ಬರಾಗಿ ಸಿಗ್ನಲ್‌ಗೆ ನಿಂತು ಗಳಿಕೆ ಕಳೆದುಕೊಳ್ಳಲಿ ಎನ್ನಬಾರದು. ಬಾಡಿಗೆ ಮನೆ, ಬೈಕಿನ ಕಂತು, ಊರಿಗೆ ಕಳಿಸುವ ಹಣ ಇರುವವನಿಗೆ ಅದು ಸಲಹೆಯಲ್ಲ, ಶಿಕ್ಷೆ. ಸಂಘಗಳು ಹೀಗೆ ಮಾಡಲಿ: ಒಂದು ವಾರ ಗೊತ್ತು ಮಾಡಿ, ಒಂದೊಂದು ಬಡಾವಣೆಯಿಂದ ಒಪ್ಪಿದ ಕೆಲವರು ಸಂಚಾರ ನಿಯಮವನ್ನು ಅಕ್ಷರಶಃ ಪಾಲಿಸಿ ಓಡಿಸಲಿ, ಅವರ ನಷ್ಟವನ್ನು ಸಂಘದ ನಿಧಿಯಿಂದ ತುಂಬಿಕೊಡಲಿ. ಆ ವಾರದ ಗಳಿಕೆ, ಹಿಂದಿನ ವಾರದ ಗಳಿಕೆ, ತಪ್ಪಿಹೋದ ಇನ್ಸೆಂಟಿವ್, ಇಳಿದ ರೇಟಿಂಗ್ ಎಲ್ಲವನ್ನೂ ಬರೆದಿಟ್ಟು ಕಲ್ಯಾಣ ಮಂಡಳಿಯ ಮುಂದೆ, ಸಂಚಾರ ಪೊಲೀಸರ ಮುಂದೆ ಇಡಲಿ. ಕಾನೂನಿನಂತೆ ಓಡಿಸಿದ ವಾರ ಇವನ ಕೈಗೆ ಬಂದದ್ದು ಎಷ್ಟು ಎಂಬುದು ಆಗ ಸರ್ಕಾರದ ಕಡತಕ್ಕೆ ಸೇರುತ್ತದೆ. ಆ ಅಂಕಿಯನ್ನು ಕೈಯಲ್ಲಿ ಹಿಡಿದು ಮೂರು ವಿಷಯ ಕೇಳಬೇಕು: ಆ್ಯಪ್‌ಗೆ ಲಾಗಿನ್ ಆದ ಗಂಟೆಗೆ ಕನಿಷ್ಠ ದರ, ಗೇಟು ಮತ್ತು ಗೋದಾಮಿನಲ್ಲಿ ಕಾಯುವ ಹೊತ್ತಿಗೆ ಕೂಲಿ, ನಿಯಮದಂತೆ ಓಡಿಸಿ ಮುಗಿಸಲಾಗದಷ್ಟು ಆರ್ಡರುಗಳಿಗೆ ಇನ್ಸೆಂಟಿವ್ ಕಟ್ಟುವುದಕ್ಕೆ ನಿಷೇಧ.