ಟ್ಯೂನರ್ ಕಾರ್ಡ್ ಇದ್ದರೂ ಕನ್ನಡ ವಾಹಿನಿ ಯಾಕೆ ಕಾಣದು?

ಕಾಸರಗೋಡು: ದೂರದರ್ಶನ ತನ್ನ ಅನಲಾಗ್ ಭೂಪ್ರಸಾರ ಕೇಂದ್ರಗಳನ್ನು 2022ರ ವೇಳೆಗೆ ಬಹುತೇಕ ಮುಚ್ಚಿದ ಮೇಲೆ ಮಾಡಿನ ಮೇಲಿನ ಆಂಟೆನಾ ಕೆಲಸಕ್ಕೆ ಬಾರದಾಯಿತು. ಆ ಆಂಟೆನಾದ ವಯರನ್ನು ಕಂಪ್ಯೂಟರಿಗೆ ಸಿಕ್ಕಿಸಿ ಟಿವಿ ನೋಡುತ್ತಿದ್ದವರ ಹಳೆಯ ಟ್ಯೂನರ್ ಕಾರ್ಡೂ ಅದರೊಂದಿಗೆ ಮೂಲೆ ಸೇರಿತು.

ಡಿಜಿಟಲ್ ಕಾರ್ಡ್ ತಂದರೆ ಸರಿಹೋಗುತ್ತದೆಯೇ? ಯಾವ ಕಾರ್ಡ್ ಎಂಬುದರ ಮೇಲೆ ಹೋಗುತ್ತದೆ. ಡಿವಿಬಿ-ಟಿ ಭೂಪ್ರಸಾರಕ್ಕೆ, ಡಿವಿಬಿ-ಸಿ ಕೇಬಲ್‌ಗೆ, ಡಿವಿಬಿ-ಎಸ್ ಉಪಗ್ರಹಕ್ಕೆ. ದೂರದರ್ಶನ 2016ರಲ್ಲಿ 16 ನಗರಗಳಲ್ಲಿ ಆರಂಭಿಸಿದ ಡಿಜಿಟಲ್ ಭೂಪ್ರಸಾರ ಡಿವಿಬಿ-ಟಿ2 ಮಾದರಿಯದು. ಹಳೆಯ ಟಿ ಕಾರ್ಡಿಗೆ ಅದು ಸಿಗದು. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಒಂದೇ. ಮಂಜೇಶ್ವರಕ್ಕಾಗಲಿ ತಾಳವಾಡಿಗಾಗಲಿ ಅದರಿಂದ ಪ್ರಯೋಜನವಿರಲಿಲ್ಲ.

ಕೇಬಲ್ ದಾರಿಯೂ ಮುಚ್ಚಿದೆ. 2012ರಿಂದ 2017ರವರೆಗೆ ಹಂತ ಹಂತವಾಗಿ ದೇಶದ ಕೇಬಲ್ ಡಿಜಿಟಲ್ ಆಯಿತು. ವಾಹಿನಿಗಳನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಬೀಗ ಹಾಕಿಯೇ ಕಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದರ ಕೀಲಿ ಕೇಬಲ್‌ನವರು ಕೊಡುವ ಸೆಟ್ ಟಾಪ್ ಬಾಕ್ಸ್‌ನಲ್ಲಿದೆ. ಖಾಸಗಿ ಡಿಟಿಎಚ್‌ಗಳದ್ದೂ ಇದೇ ಕತೆ.

ಉಳಿಯುವುದು ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಇದಕ್ಕೆ ತಿಂಗಳ ಶುಲ್ಕವಿಲ್ಲ. ದೂರದರ್ಶನದ ವಾಹಿನಿಗಳಿಗೆ ಬೀಗವೂ ಇಲ್ಲ, ಅವುಗಳಲ್ಲಿ ಚಂದನವೂ ಇದೆ. ಗಡಿನಾಡಿನವರಿಗೆ ಮುಖ್ಯವಾಗುವುದು ಇದೇ. 1956ರಲ್ಲಿ ಎಳೆದ ರಾಜ್ಯದ ಗೆರೆ ಉಪಗ್ರಹಕ್ಕೆ ತಿಳಿಯದು. ಊರಿನಲ್ಲಿ ಯಾವ ಭಾಷೆಯ ಮನೆ ಹೆಚ್ಚು ಎಂಬ ವ್ಯಾಪಾರದ ಲೆಕ್ಕವೂ ಅದಕ್ಕಿಲ್ಲ.

ಕಂಪ್ಯೂಟರಿನಲ್ಲಿ ನೋಡುವವರು ಡಿವಿಬಿ-ಎಸ್2 ಕಾರ್ಡನ್ನೇ ಕೊಳ್ಳುವುದು ಲೇಸು. ಅದು ಹಳೆಯ ಎಸ್ ಪ್ರಸಾರವನ್ನೂ ಹಿಡಿಯುತ್ತದೆ. ಫ್ರೀ ಡಿಶ್‌ನ ಕೆಲವು ವಾಹಿನಿಗಳು ಈಗಾಗಲೇ ಎಂಪೆಗ್-4ಕ್ಕೆ ಹೋಗಿವೆ. ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಕಾಸರಗೋಡಿನ ಮನೆಯಿಂದ ಡಿಶ್ ಪೂರ್ವಕ್ಕೂ ಆಗ್ನೇಯಕ್ಕೂ ನಡುವೆ ಮುಖ ಮಾಡಬೇಕು. ಅಡಿಕೆ ತೋಟದ ಮಧ್ಯೆ ಇರುವವರಿಗೆ ಇದೇ ದೊಡ್ಡ ತಲೆನೋವು, ಮರ ಅಡ್ಡ ಬಂದರೆ ಚಿತ್ರವಿಲ್ಲ. ಆಟಿಯ ಜಡಿಮಳೆಗೆ ಆಗಾಗ ಹೋಗುವುದೂ ಉಂಟು.

ಚಂದನದಿಂದಾಚೆಗೆ ಹೆಚ್ಚಿನ ಆಸೆ ಇಟ್ಟುಕೊಳ್ಳುವಂತಿಲ್ಲ. ಖಾಸಗಿ ವಾಹಿನಿಗಳಿಗೆ ಫ್ರೀ ಡಿಶ್‌ನಲ್ಲಿ ಜಾಗ ಸಿಗುವುದು ಹರಾಜಿನಲ್ಲಿ, ಅಲ್ಲಿ ಹಿಂದಿಯವರದೇ ಮೇಲುಗೈ. ಟಿವಿಯೊಳಗೇ ಉಪಗ್ರಹ ಟ್ಯೂನರ್ ಇರುವ ಸೆಟ್‌ಗಳಿಗಾಗಿ ಭಾರತೀಯ ಮಾನಕ ಬ್ಯೂರೋ ಐಎಸ್ 18112:2022 ಎಂಬ ಮಾನಕ ತಂದಿದೆ. ಅಂಥ ಟಿವಿ ಬಂದ ಮನೆಗೆ ಕಾರ್ಡಿನ ಗೊಡವೆಯಿಲ್ಲ. ಆದರೆ ಬೇರೆ ಬಾಕ್ಸ್ ಇಲ್ಲದೆ ಅದು ತೋರಿಸುವುದೂ ಬೀಗವಿಲ್ಲದ ವಾಹಿನಿಗಳನ್ನೇ. ಫ್ರೀ ಡಿಶ್‌ಗೆ ಐಕ್ಯಾಸ್ ಎಂಬ ದೇಶೀಯ ಬೀಗದ ವ್ಯವಸ್ಥೆಯನ್ನು ಪ್ರಸಾರ ಭಾರತಿ ಹಿಂದೆಯೇ ತರಲು ಹೊರಟಿತ್ತು. ಚಂದನಕ್ಕೂ ಅದನ್ನು ಹಾಕಿದ ದಿನ ಗಡಿಯಾಚೆಯ ಈ ಕಂಪ್ಯೂಟರ್‌ಗಳ ಪರದೆ ಕಪ್ಪಾಗುತ್ತದೆ.