ಒರೆಗಲ್ಲನ್ನೂ ಒರೆಗೆ ಹಚ್ಚಬೇಕು



ಬೆಳಗಿನ ಪೂಜೆಯ ವೇಳೆ ಓರೆಬಿಸಿಲು ಹಾಲಿನ ಬಟ್ಟಲಿನ ಒಳಮೈಗೆ ತಾಗಿದಾಗ, ಹಾಲಿನ ಮೇಲೆ ಬಾಗಿದ ಎರಡು ಬೆಳಕಿನ ಗೆರೆಗಳು ಮೂಡಿ ಚೂಪಾದ ತುದಿಯಲ್ಲಿ ಕೂಡುವುದನ್ನು ನಾವು ಕಂಡಿದ್ದೇವೆ. ದುಂಡಗೆ ಬಾಗಿದ ಹೊಳಪಿನ ಮೈ ಕಿರಣಗಳನ್ನೆಲ್ಲ ಒಂದೇ ಬಿಂದುವಿಗೆ ತರಲಾರದು. ನಡುವಿಗೆ ಬಿದ್ದವು ಒಂದೆಡೆ, ಅಂಚಿಗೆ ಬಿದ್ದವು ಮತ್ತೊಂದೆಡೆ ಸೇರುತ್ತವೆ. ಇದಕ್ಕೆ ಗೋಳೀಯ ವಿಪಥನವೆಂದು ಹೆಸರು. ಬಟ್ಟಲಿನಲ್ಲಿ ಇದು ಚೆಲುವು, ದೂರದರ್ಶಕದಲ್ಲಿ ದೋಷ. ಆದುದರಿಂದಲೇ ದೂರದರ್ಶಕದ ದರ್ಪಣದ ಬಾಗನ್ನು ಅಂಚಿನತ್ತ ಲೆಕ್ಕವಿಟ್ಟು ತುಸು ತುಸುವೇ ಸಡಿಲಿಸುತ್ತಾರೆ.

1990ರ ಏಪ್ರಿಲಿನಲ್ಲಿ ಅಮೆರಿಕದ ನಾಸಾ ಸಂಸ್ಥೆ ಅಂತರಿಕ್ಷಕ್ಕೇರಿಸಿದ ಹಬಲ್ ದೂರದರ್ಶಕದಲ್ಲಿ ಈ ಸಡಿಲಿಕೆ ಅತಿಯಾಗಿತ್ತು. 2.4 ಮೀಟರ್ ಅಗಲದ ಅದರ ದರ್ಪಣದ ಅಂಚು ಸುಮಾರು 2.2 ಮೈಕ್ರಾನಿನಷ್ಟು, ಎಂದರೆ ತಲೆಗೂದಲಿನ ದಪ್ಪದ ಐವತ್ತರಲ್ಲೊಂದು ಪಾಲಿನಷ್ಟು, ಹೆಚ್ಚು ಚಪ್ಪಟೆಯಾಗಿತ್ತು. ಅಷ್ಟರಿಂದಲೇ ನಕ್ಷತ್ರಗಳ ಸುತ್ತ ಮಸುಕು ಕವಿಯಿತು.

ದರ್ಪಣವನ್ನು ಉಜ್ಜಿದವರ ಕೈ ಸೋತಿರಲಿಲ್ಲ. ಅದರ ನುಣುಪು ಅಪೂರ್ವವಾಗಿತ್ತು. ತಪ್ಪಿದ್ದುದು ಬಾಗನ್ನು ಪರೀಕ್ಷಿಸುವ ಉಪಕರಣದಲ್ಲಿ. ಅದರೊಳಗಿನ ಮಸೂರವೊಂದು 1.3 ಮಿಲಿಮೀಟರ್ ಸರಿದು ಕುಳಿತಿತ್ತು. ಆ ತಪ್ಪು ಅಳತೆಗೆ ದರ್ಪಣವು ಚಾಚೂ ತಪ್ಪದೆ ಹೊಂದಿಕೊಂಡಿತು. ಬೇರೆ ಎರಡು ಉಪಕರಣಗಳು ದೋಷದ ಸುಳಿವು ಕೊಟ್ಟಿದ್ದವು. ಅವು ಇದರಷ್ಟು ನಿಖರವಲ್ಲವೆಂದು ಅವುಗಳ ಸಾಕ್ಷಿಯನ್ನು ಬದಿಗೆ ಸರಿಸಲಾಯಿತು.

ಇದನ್ನು ಓದುವಾಗ ನಮಗೆ ನಮ್ಮ ಮನೆಗಳೇ ನೆನಪಾಗುತ್ತವೆ. ಆಚಾರವಂತರೆಂಬ ಭರವಸೆಯಿಂದ ನಾವು ಹಿರಿಯರು ನಮ್ಮ ಅಳತೆಯೇ ಸರಿಯೆಂದು ನಂಬುತ್ತೇವೆ. ಸೊಸೆ ಮೆಲ್ಲಗೆ ಆಡಿದ ಮಾತನ್ನೂ, ಎಳೆಯ ಮಗನ ಪ್ರಶ್ನೆಯನ್ನೂ ಚಿಕ್ಕವೆಂದು ತಳ್ಳಿಬಿಡುತ್ತೇವೆ. ಅನುಭವ ಮಂಟಪದಲ್ಲಿ ನಾನಾ ಕಾಯಕದವರು ಒಟ್ಟಿಗೆ ಕುಳಿತು ಪರಸ್ಪರ ಅನುಭಾವವನ್ನು ಒರೆಗೆ ಹಚ್ಚಿದರೆಂಬುದನ್ನು ಹೆಮ್ಮೆಯಿಂದ ಹೇಳುವ ನಾವು, ನಮ್ಮ ಪಡಸಾಲೆಯಲ್ಲಿ ಅದಕ್ಕೆ ಎಡೆಗೊಟ್ಟಿದ್ದೇವೆಯೇ?

ಹಬಲ್‌ನ ದರ್ಪಣವನ್ನು ಬದಲಿಸುವಂತಿರಲಿಲ್ಲ. ಆದರೆ ತಪ್ಪೆಷ್ಟೆಂಬುದು ಕರಾರುವಾಕ್ಕಾಗಿ ತಿಳಿದಿದ್ದರಿಂದ ಪರಿಹಾರ ಸಾಧ್ಯವಾಯಿತು. 1993ರ ಡಿಸೆಂಬರಿನಲ್ಲಿ ಏಳು ಮಂದಿ ಗಗನಯಾತ್ರಿಗಳು ಅಲ್ಲಿಗೆ ತೆರಳಿ, ಆ ದೋಷಕ್ಕೆ ಪ್ರತಿಯಾದ ಬಾಗುಳ್ಳ ಪುಟ್ಟ ದರ್ಪಣಗಳ ಸಾಧನಗಳನ್ನು ಅಳವಡಿಸಿದರು. ನೋಟ ತಿಳಿಯಾಯಿತು. ದೊಡ್ಡ ದರ್ಪಣ ಮಾತ್ರ ತನ್ನ ಕೊರತೆಯೊಡನೆ ಹಾಗೆಯೇ ಉಳಿಯಿತು.

ಹುಟ್ಟುಗುಣ ಪೂರ್ತಿ ಅಳಿಯದಿರಬಹುದು. ತಪ್ಪನ್ನು ಒಪ್ಪಿ, ಇಷ್ಟೇ ಎಂದು ಅಳೆದುಕೊಂಡವರಿಗೆ ತಿದ್ದುವ ದಾರಿ ತೆರೆದೇ ಇರುತ್ತದೆ. ಮೊದಲು ನಮ್ಮ ಅಳತೆಗೋಲನ್ನು ಇನ್ನೊಬ್ಬರ ಕೈಗೆ ಕೊಟ್ಟು ನೋಡೋಣ.