ಚಹಾದ ದುಡ್ಡು ಮತ್ತು ನಮ್ಮ ಜಾಣತನ

ಪರದೇಶದಲ್ಲಿ ಕಾರು ಓಡಿಸಿ ಬಂದವರ ಬಳಿ ಒಂದು ಕಥೆ ಇದ್ದೇ ಇರುತ್ತದೆ. ಮದುವೆ ಮನೆಯಲ್ಲಿ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಾಗ ಅದು ಹೊರಗೆ ಬರುತ್ತದೆ. ಗುರುತಿಲ್ಲದ ರಸ್ತೆ, ಕೈ ಅಡ್ಡ ಹಿಡಿದ ಪೊಲೀಸ್, ಮಾಡದ ತಪ್ಪಿಗೆ ಗದರಿಕೆ. ಕಥೆಯ ನಾಯಕ ಪಾಸ್‌ಪೋರ್ಟಿನೊಳಗೆ ಒಂದು ನೋಟು ಮಡಚಿಟ್ಟು ಕೊಡುತ್ತಾನೆ, ಪೊಲೀಸ್ ಸೆಲ್ಯೂಟ್ ಹೊಡೆಯುತ್ತಾನೆ, ಕೇಳಿದವರೆಲ್ಲ ನಗುತ್ತಾರೆ. 'ಬೆಂಗಳೂರಲ್ಲಿ ಕಲಿತ ವಿದ್ಯೆ ಅಲ್ಲೂ ಉಪಯೋಗಕ್ಕೆ ಬಂತು ನೋಡಿ' ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಆ ನಗುವಿನ ವಿರುದ್ಧ ನಾನು ಬರೆಯುತ್ತಿದ್ದೇನೆ. ಬರೆಯಲು ನಾನು ಎಷ್ಟು ಯೋಗ್ಯನೋ ಗೊತ್ತಿಲ್ಲ. ಒಮ್ಮೆ ಆ ಕಥೆಯ ನಾಯಕ ನಾನೇ ಆಗಿದ್ದೆ.

ಕೆಲಸದ ಮೇಲೆ ಕೀನ್ಯಾದಲ್ಲಿದ್ದ ದಿನಗಳು. ಅಲ್ಲೂ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಗಾಡಿ ಓಡಿಸುತ್ತಾರೆ, ಹಾಗಾಗಿ ಕೈ ಬೇಗ ಪಳಗುತ್ತದೆ. ಒಂದು ಭಾನುವಾರ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ರಿಫ್ಟ್ ಕಣಿವೆಯ ಸರೋವರವೊಂದರಲ್ಲಿ ನೀರಾನೆ ನೋಡಲು ಹೊರಟಿದ್ದೆ. ದಾರಿಯಲ್ಲಿ ಮೊಳೆ ಹೊಡೆದ ಪಟ್ಟಿಯನ್ನು ರಸ್ತೆಗೆ ಅಡ್ಡ ಹಾಕಿಕೊಂಡು ಪೊಲೀಸರು ನಿಂತಿದ್ದರು. ಲೈಸೆನ್ಸ್ ತೋರಿಸಿದೆ. ಡಿಕ್ಕಿಯಲ್ಲಿ ಎಚ್ಚರಿಕೆಯ ತ್ರಿಕೋನ ಇದೆಯೇ ಎಂದರು, ಅದನ್ನೂ ತೋರಿಸಿದೆ. ಎಲ್ಲವೂ ಸರಿಯಿದೆ ಎಂದಾದ ಮೇಲೆ, 'ಬಹಳ ವೇಗವಾಗಿ ಬಂದಿರಿ' ಎಂದರು. ವೇಗ ಅಳೆಯುವ ಯಂತ್ರ ಅಲ್ಲೆಲ್ಲೂ ಕಾಣಲಿಲ್ಲ. 'ಠಾಣೆಗೆ ನಡೆಯಿರಿ. ನಾಳೆ ಕೋರ್ಟಿಗೆ ಬರಬೇಕಾಗುತ್ತದೆ. ಇಲ್ಲವಾದರೆ...' ಎಂದು ಒಬ್ಬ ಕಿಟಕಿಯೊಳಗೆ ಬಗ್ಗಿ, ಬಹಳ ಸ್ನೇಹದಿಂದ, 'ಚಾಯ್' ಎಂದ. ಸಾವಿರ ಶಿಲಿಂಗಿನ ನೋಟು ಕೊಟ್ಟೆ. ಎಲ್ಲ ಸೇರಿ ಐದು ನಿಮಿಷವೂ ಹಿಡಿಯಲಿಲ್ಲ. ನೀರಾನೆ ನೋಡಿಕೊಂಡು ಬಂದೆವು.

ಮರುದಿನ ಕಚೇರಿಯ ಡ್ರೈವರಿಗೆ ಈ ಕಥೆಯನ್ನು ನಗುತ್ತ ಹೇಳಿದೆ. ಅವರು ನನಗಿಂತ ಹಿರಿಯರು. ಅನೇಕ ವರ್ಷ ಮಟಾಟು, ಅಂದರೆ ಅಲ್ಲಿನ ಖಾಸಗಿ ಮಿನಿಬಸ್ಸು, ಓಡಿಸಿದವರು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: 'ಬ್ವಾನಾ, ನಾವು ನೂರು ಕೊಡುತ್ತಿದ್ದೆವು. ನೀವು ಸಾವಿರ ಕೊಟ್ಟಿರಿ. ಸಾವಿರ ಮುಟ್ಟಿದ ಕೈಗೆ ಇನ್ನು ನೂರು ಸಾಕಾಗುತ್ತದೆಯೇ? ನೀವು ಆ ರಸ್ತೆಗೆ ತಿಂಗಳಿಗೊಮ್ಮೆ ಹೋಗುತ್ತೀರಿ. ನನ್ನ ತಮ್ಮ ದಿನಕ್ಕೆ ಆರು ಸಲ ಹೋಗುತ್ತಾನೆ.'

ನಾನು ಕಲಿಯಬೇಕಾಗಿದ್ದ ಅರ್ಥಶಾಸ್ತ್ರವೆಲ್ಲ ಆ ಮಾತಿನಲ್ಲಿತ್ತು.

ಲಂಚಕ್ಕೆ ಪ್ರತಿಯೊಂದು ಭಾಷೆಯೂ ಒಂದು ಮುದ್ದಿನ ಹೆಸರು ಇಟ್ಟಿದೆ. ಸ್ವಾಹಿಲಿಯಲ್ಲಿ ಅದು 'ಕಿಟು ಕಿಡೋಗೊ', ಅಂದರೆ ಏನೋ ಒಂದು ಚಿಕ್ಕದು. ಇಲ್ಲವೇ 'ಚಾಯ್'. ಮೆಕ್ಸಿಕೋದವರಿಗೆ ಅದು 'ಮೊರ್ದಿದಾ', ಒಂದು ಕಚ್ಚು. ನಮಗೆ 'ಮಾಮೂಲು'. ಸಂಬಳದ ಪಕ್ಕದಲ್ಲಿ ಪ್ರಾಸಕ್ಕೆಂಬಂತೆ ಕೂತ 'ಗಿಂಬಳ' ಬೇರೆ ಇದೆ. ಇವೆಲ್ಲವೂ ವಿಷಯವನ್ನು ಚಿಕ್ಕದು ಮಾಡುವ ಪದಗಳೇ, ಒಂದನ್ನು ಬಿಟ್ಟು. ಮೆಕ್ಸಿಕೋದವರು ಮಾತ್ರ ಹಲ್ಲಿನ ಗುರುತನ್ನು ಅಳಿಸಿಲ್ಲ. ಕೀನ್ಯಾದ ಹಾಡುಗಾರ ಎರಿಕ್ ವೈನೈನಾ 2001ರಲ್ಲಿ ತನ್ನ ದೇಶವನ್ನೇ 'ಕಿಟು ಕಿಡೋಗೊ ನಾಡು' ಎಂದು ಕರೆದು ಹಾಡಿದ. ಅದು ಮನೆಮಾತಾಯಿತು. ಚಿಕ್ಕದೆಂದು ಎಲ್ಲರೂ ಹೇಳುತ್ತಿದ್ದದ್ದು ಚಿಕ್ಕದಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಎಷ್ಟು ಚಿಕ್ಕದು ಎಂಬುದನ್ನು ಇಬ್ಬರು ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಬೆಂಜಮಿನ್ ಓಲ್ಕನ್ ಮತ್ತು ಪ್ಯಾಟ್ರಿಕ್ ಬ್ಯಾರನ್ 2005-06ರಲ್ಲಿ ಇಂಡೋನೇಷ್ಯಾದ ಅಚೇ ಪ್ರಾಂತ್ಯದ ಲಾರಿಗಳಲ್ಲಿ ತಮ್ಮ ಜನರನ್ನು ಕೂರಿಸಿ 304 ಪ್ರಯಾಣಗಳ ಲೆಕ್ಕ ಬರೆಸಿದರು. ಪೊಲೀಸರಿಗೆ, ಸೈನಿಕರಿಗೆ, ತೂಕದ ಕಟ್ಟೆಯವರಿಗೆ ಕೊಟ್ಟ ಅಕ್ರಮ ಹಣದ ಪ್ರಸಂಗಗಳು ಆರು ಸಾವಿರಕ್ಕೂ ಹೆಚ್ಚು. ಒಂದೊಂದು ಸಲದ್ದು ಪುಡಿಗಾಸು. ಒಟ್ಟು ಸೇರಿಸಿದರೆ ಪ್ರಯಾಣದ ಖರ್ಚಿನ ಸುಮಾರು ನೂರಕ್ಕೆ 13 ಪಾಲು. ಡ್ರೈವರಿನ ಕೂಲಿಯೇ ಅದಕ್ಕಿಂತ ಕಡಿಮೆ. ಹೊಸ ಲಾರಿಗೆ, ಬೆಲೆಬಾಳುವ ಸರಕಿಗೆ ಹೆಚ್ಚು ಕೇಳುತ್ತಿದ್ದರು. ಶಾಂತಿ ಒಪ್ಪಂದವಾಗಿ ಸೈನ್ಯ ಹಿಂದೆ ಸರಿದಂತೆ ಕೆಲವು ಕಟ್ಟೆಗಳು ಮುಚ್ಚಿದವು, ಉಳಿದ ಕಟ್ಟೆಗಳವರು ತಮ್ಮ ದರ ಏರಿಸಿದರು. ಲಂಚಕ್ಕೆ ಗೊತ್ತಾದ ಬೆಲೆ ಎಂಬುದಿಲ್ಲ. ಎದುರಿನವನ ಮುಖ, ಗಾಡಿ, ಅವಸರ ನೋಡಿ ಬೆಲೆ ಕಟ್ಟುತ್ತಾರೆ. ಬಾಡಿಗೆ ಕಾರಿನಲ್ಲಿ ಕೂತ ಪರದೇಶಿಯ ಮುಖದಲ್ಲಿ ಈ ಮೂರೂ ಒಟ್ಟಿಗೆ ಕಾಣುತ್ತವೆ.

ಇಷ್ಟಾದರೂ ಕೊಡುವವರ ಬಳಿ ವಾದಗಳಿಗೆ ಬರವಿಲ್ಲ. ಒಂದೊಂದಾಗಿ ನೋಡೋಣ.

'ಅವರ ಸಂಸ್ಕೃತಿಯೇ ಹಾಗೆ' ಎಂಬುದು ಮೊದಲನೆಯದು. ಇದು ಸುಳ್ಳು. 2002ರ ಡಿಸೆಂಬರಿನಲ್ಲಿ, ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ ಕೀನ್ಯಾದ ಜನ ಆಳುವ ಪಕ್ಷವನ್ನು ಸೋಲಿಸಿದರು. ಹೊಸ ಸರ್ಕಾರ ಬಂದ ಮೊದಲ ವಾರಗಳಲ್ಲಿ ಮಟಾಟುವಿನ ಪ್ರಯಾಣಿಕರೇ ಎದ್ದು ನಿಂತು, ಡ್ರೈವರಿನಿಂದ ದುಡ್ಡು ಕೇಳುವ ಪೊಲೀಸರನ್ನು ತಡೆದರು, ಕೆಲವೆಡೆ ಹಿಡಿದೂ ಕೊಟ್ಟರು. ಲಂಚ ಅವರ ರಕ್ತದಲ್ಲೇ ಇದ್ದಿದ್ದರೆ ಇದು ಹೇಗೆ ಸಾಧ್ಯವಾಗುತ್ತಿತ್ತು? ಆಮೇಲೆ ಹೊಸ ಸರ್ಕಾರದ ದೊಡ್ಡವರೂ ಆಂಗ್ಲೋ ಲೀಸಿಂಗ್ ಎಂಬ ಹಗರಣದಲ್ಲಿ ಸಿಕ್ಕಿಕೊಂಡರು. ಅದನ್ನು ಬಯಲಿಗೆ ತಂದ ಅಧಿಕಾರಿ ಜಾನ್ ಗಿಥೋಂಗೊ ದೇಶ ಬಿಡಬೇಕಾಯಿತು. ಮೇಲಿನವರು ಮತ್ತೆ ಉಣ್ಣತೊಡಗಿದ ಮೇಲೆ ಎದ್ದು ನಿಂತ ಪ್ರಯಾಣಿಕ ಕುಳಿತುಕೊಂಡ. ಸೋತದ್ದು ಅವನ ಧೈರ್ಯ. ಅದನ್ನು ಸಂಸ್ಕೃತಿ ಎಂದು ಕರೆಯುವುದು ಅವನಿಗೆ ಮಾಡುವ ಅವಮಾನ.

ಸಂಸ್ಕೃತಿಯ ಮಾತು ಬಂದದ್ದರಿಂದ ಇನ್ನೊಂದು ಲೆಕ್ಕ. ನ್ಯೂಯಾರ್ಕಿನಲ್ಲಿರುವ ವಿಶ್ವಸಂಸ್ಥೆಯ ರಾಜತಾಂತ್ರಿಕರು ಕಾರನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು, ದಂಡ ಕಟ್ಟದಿದ್ದರೂ ಯಾರೂ ಏನೂ ಮಾಡುವಂತಿರಲಿಲ್ಲ. ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ 1997ರಿಂದ 2002ರವರೆಗಿನ ದಂಡದ ಚೀಟಿಗಳನ್ನು ಎಣಿಸಿದರು. ಭ್ರಷ್ಟಾಚಾರ ಹೆಚ್ಚಿರುವ ದೇಶಗಳಿಂದ ಬಂದವರ ಕಟ್ಟದ ಚೀಟಿಗಳೇ ಹೆಚ್ಚು. ನಾರ್ವೆ, ಸ್ವೀಡನ್ನಿನವರದು ಒಂದೂ ಇರಲಿಲ್ಲ. ಅಂದರೆ ನಾವು ಮನೆಯ ಅಭ್ಯಾಸವನ್ನು ಸೂಟ್‌ಕೇಸಿನಲ್ಲಿ ಹೊತ್ತುಕೊಂಡೇ ವಿಮಾನ ಹತ್ತುತ್ತೇವೆ. 'ಅವರ ಸಂಸ್ಕೃತಿ' ಎಂದು ಬೆರಳು ತೋರಿಸುವ ಮೊದಲು ಆ ಸೂಟ್‌ಕೇಸನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಈ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. 2002ರ ಕೊನೆಯಲ್ಲಿ, ದಂಡ ಕಟ್ಟದವರ ರಾಜತಾಂತ್ರಿಕ ನಂಬರ್ ಪ್ಲೇಟನ್ನೇ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕಿತು. ಕಟ್ಟದ ಚೀಟಿಗಳು ಹೆಚ್ಚುಕಡಿಮೆ ಇಲ್ಲವಾದವು. ಅಭ್ಯಾಸ ಬಂದ ಹಾಗೆಯೇ ಹೋಗುತ್ತದೆ ಕೂಡ.

'ಪಾಪ, ಅವನ ಸಂಬಳ ಎಷ್ಟು ಮಹಾ' ಎಂಬುದು ಎರಡನೆಯ ವಾದ. ಕೇಳಲು ಕರುಣೆಯಂತಿದೆ. ಘಾನಾ ದೇಶ 2010ರಲ್ಲಿ ಪೊಲೀಸರ ಸಂಬಳವನ್ನು ದುಪ್ಪಟ್ಟು ಮಾಡಿತು. ಹೆದ್ದಾರಿಯ ಲಾರಿಗಳ ಲೆಕ್ಕ ನೋಡಿದ ಸಂಶೋಧಕರಿಗೆ ಸಿಕ್ಕಿದ್ದು ವಸೂಲಿ ಇಳಿದದ್ದಲ್ಲ, ಏರಿದ್ದು. ಜಾರ್ಜಿಯಾ ದೇಶ ಬೇರೆ ದಾರಿ ಹಿಡಿಯಿತು. 2004ರಲ್ಲಿ ಸುಮಾರು 16,000 ಸಂಚಾರಿ ಪೊಲೀಸರನ್ನು ಒಂದೇ ಏಟಿಗೆ ಮನೆಗೆ ಕಳಿಸಿ, ಹೊಸಬರನ್ನು ಆರಿಸಿ, ಒಳ್ಳೆಯ ಸಂಬಳ ಕೊಟ್ಟು, ಜೊತೆಗೆ ಕಣ್ಣನ್ನೂ ಇಟ್ಟಿತು. ಆ ಸರ್ಕಾರ ಬೇರೆ ವಿಷಯಗಳಲ್ಲಿ ಸಾಧುವೇನಾಗಿರಲಿಲ್ಲ. ಆದರೆ ರಸ್ತೆಯ ಮೇಲಿನ ವಸೂಲಿ ನಿಂತಿತು. ಇನ್ನೊಂದು ಮಾತು. ನಾವು ಕೊಟ್ಟ ದುಡ್ಡು ಆ ಬಡ ಪೊಲೀಸಿನ ಮಕ್ಕಳ ಹೊಟ್ಟೆಗೇ ಹೋಗುತ್ತದೆಂದು ಯಾರು ಹೇಳಿದರು? ಕೀನ್ಯಾದಲ್ಲಿ ಪೊಲೀಸರನ್ನು ಪರಿಶೀಲನಾ ಮಂಡಳಿಯ ಮುಂದೆ ಕೂರಿಸಿ ಅವರ ಎಂ-ಪೆಸಾ, ಅಂದರೆ ಮೊಬೈಲ್ ಹಣದ ಲೆಕ್ಕಗಳನ್ನು ತೆಗೆಸಿದಾಗ, ಕೆಳಗಿನವರಿಂದ ಮೇಲಿನವರಿಗೆ ಹರಿದ ಹಣ ಕಣ್ಣಿಗೆ ಬಿತ್ತು. ಕಿಟಕಿಯಲ್ಲಿ ಬಗ್ಗಿದವನು ವಸೂಲಿದಾರ ಮಾತ್ರ. ಅವನ ಹಿಂದೆ ಆಯಕಟ್ಟಿನ ಜಾಗಕ್ಕೆ ಕಪ್ಪ ಕೇಳುವವರು ಇದ್ದಾರೆ. ಇದನ್ನು ಕನ್ನಡದ ಓದುಗರಿಗೆ ವಿವರಿಸಬೇಕಾಗಿಲ್ಲ.

ಮೂರನೆಯದು ನಿಜವಾದ ವಾದ: 'ಭಯ.' ರಾತ್ರಿ, ನಿರ್ಜನ ರಸ್ತೆ, ಕೈಯಲ್ಲಿ ಬಂದೂಕು, ಹಿಂದಿನ ಸೀಟಿನಲ್ಲಿ ಮಕ್ಕಳು. ಅಲ್ಲಿ ಕೊಟ್ಟುಬಿಡಿ. ಅದು ದರೋಡೆ, ದರೋಡೆಗೊಳಗಾದವನನ್ನು ಯಾರೂ ಭ್ರಷ್ಟ ಎನ್ನುವುದಿಲ್ಲ. ಅರ್ಥಶಾಸ್ತ್ರಜ್ಞ ಕೌಶಿಕ್ ಬಸು 2011ರಲ್ಲಿ, ಭಾರತ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದಾಗ, ನ್ಯಾಯವಾಗಿ ಸಿಗಬೇಕಾದದ್ದಕ್ಕೆ ಪೀಡಿಸಿ ಕಿತ್ತುಕೊಂಡ ಲಂಚದಲ್ಲಿ ಕೊಟ್ಟವನನ್ನು ಅಪರಾಧಿ ಎನ್ನಬಾರದು ಎಂದು ವಾದಿಸಿದ್ದರು. ಹಾಗಾದರೆ ಕೊಟ್ಟವನು ಆಮೇಲೆ ಹೆದರದೆ ದೂರು ಕೊಡುತ್ತಾನೆ ಎಂಬುದು ಅವರ ತರ್ಕ. ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ ಕೊಡುವುದನ್ನೂ ಅಪರಾಧ ಎಂದಿತು. ಆದರೆ ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ತಿಳಿಸಿದರೆ ಅವನಿಗೆ ರಕ್ಷಣೆ ಇದೆ. ಕೀನ್ಯಾದ 2016ರ ಕಾಯ್ದೆಯಲ್ಲೂ ಕೊಟ್ಟವನು, ತೆಗೆದುಕೊಂಡವನು ಇಬ್ಬರೂ ತಪ್ಪಿತಸ್ಥರು.

ಹಾಗಾಗಿ ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ಕೊಟ್ಟದ್ದು ಭಯಕ್ಕೋ, ಅವಸರಕ್ಕೋ? ನನ್ನ ಉತ್ತರ ನನಗೆ ಗೊತ್ತು. ಹಾಡಹಗಲು, ಜನರಿದ್ದ ರಸ್ತೆ, ಜೊತೆಗೆ ಇಬ್ಬರು ಗೆಳೆಯರು. ನನಗೆ ನೀರಾನೆ ನೋಡುವ ಅವಸರವಿತ್ತು. ಅಷ್ಟೇ. ಪರದೇಶದ ರಸ್ತೆಯ ಮೇಲೆ ಕೊಟ್ಟ ಲಂಚದ ಕಥೆಗಳಲ್ಲಿ ಮುಕ್ಕಾಲುಪಾಲು ನೀರಾನೆಯ ಕಥೆಗಳೇ ಎಂಬುದು ನನ್ನ ಗುಮಾನಿ. ಭಯಪಟ್ಟು ಕೊಟ್ಟವನು ಮದುವೆ ಮನೆಯಲ್ಲಿ ನಗುತ್ತ ಅದನ್ನು ಹೇಳುವುದಿಲ್ಲ.

ಈ ಅವಸರಕ್ಕೆ ಕಾನೂನಿನ ಮೊಹರು ಒತ್ತಿದವರೂ ಇದ್ದಾರೆ. ಪರದೇಶದಲ್ಲಿ ಲಂಚ ಕೊಡುವುದನ್ನು ಅಪರಾಧ ಎಂದ ಅಮೆರಿಕದ 1977ರ ಕಾಯ್ದೆ, ಕೆಲಸವನ್ನು ಬೇಗ ಸಾಗಿಸಲು ಕೊಡುವ ಸಣ್ಣ ಮೊತ್ತಕ್ಕೆ ವಿನಾಯಿತಿ ಕೊಟ್ಟಿದೆ. ಬ್ರಿಟನ್ನಿನ 2010ರ ಕಾಯ್ದೆ ಆ ವಿನಾಯಿತಿಯನ್ನು ಕೊಡಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ನಮ್ಮ ಗಾದೆ ಬ್ರಿಟನ್ನಿನ ಕಾಯ್ದೆಯ ಪಕ್ಕ ನಿಲ್ಲುತ್ತದೆ.

ಏನು ಮಾಡಬೇಕು ಎಂದು ಕೇಳುವಿರಿ. ಮೊದಲು, ತಪ್ಪು ಮಾಡದೆ ಓಡಿಸಬೇಕು. ಲೈಸೆನ್ಸ್, ಅಂತರರಾಷ್ಟ್ರೀಯ ಪರವಾನಗಿ, ಗಾಡಿಯ ಕಾಗದ ಕೈಗೆ ಸಿಗುವಂತಿರಬೇಕು. ತಡೆದರೆ ನಿಲ್ಲಿಸಿ, ಅವರ ಭಾಷೆಯಲ್ಲಿ ನಮಸ್ಕಾರ ಹೇಳಿ. ಯಾವ ನಿಯಮ ಮುರಿದೆ ಎಂದು ಮೆತ್ತಗೆ ಕೇಳಿ. ಮುರಿದದ್ದು ನಿಜವಾದರೆ ಒಪ್ಪಿಕೊಂಡು, ಚೀಟಿ ಬರೆಯಲು ಹೇಳಿ, ದಂಡವನ್ನು ಕಟ್ಟಬೇಕಾದಲ್ಲಿ ಕಟ್ಟಿ ರಸೀದಿ ಪಡೆಯಿರಿ. ಮುರಿಯದಿದ್ದರೆ ಠಾಣೆಗೆ ಬರುತ್ತೇನೆ ಎನ್ನಿ. ದನಿ ಏರಿಸಬೇಡಿ. 'ನಾನು ಯಾರು ಗೊತ್ತಾ' ಎನ್ನಬೇಡಿ, ರಾಯಭಾರ ಕಚೇರಿಯಲ್ಲಿರುವ ಗೆಳೆಯನ ಹೆಸರು ತೆಗೆಯಬೇಡಿ. ವಶೀಲಿಯೂ ಲಂಚವೇ, ನೋಟಿನ ಬದಲು ಹೆಸರು ಕೊಟ್ಟಿರಿ ಅಷ್ಟೇ.

ಆರು ತಿಂಗಳ ನಂತರ ಮತ್ತೊಂದು ರಸ್ತೆಯಲ್ಲಿ ನನ್ನನ್ನು ತಡೆದರು. ಈ ಸಲ ಕಾರಿನ ಬದಿಯಲ್ಲಿ ನಿಂತು, ಠಾಣೆಗೆ ಬರುತ್ತೇನೆ ಎಂದೆ. ಬಿಸಿಲಿನಲ್ಲಿ ಒಂದೂವರೆ ಗಂಟೆ ಕಾಯಿಸಿದರು. ಆ ಹೊತ್ತಿನಲ್ಲಿ ಎಷ್ಟೋ ಮಟಾಟುಗಳು ಬಂದವು, ಡ್ರೈವರಿನ ಕೈ ಹೊರಗೆ ಬಂತು, ಹೋದವು. ಕೊನೆಗೆ ಲೈಸೆನ್ಸ್ ವಾಪಸು ಕೊಟ್ಟು, 'ಸಫಾರಿ ನ್ಜೇಮಾ', ಪ್ರಯಾಣ ಸುಖವಾಗಲಿ, ಎಂದರು.

ಇದರಲ್ಲಿ ನನ್ನ ಶೌರ್ಯವೇನೂ ಇಲ್ಲ. ನಾನು ನಿಲ್ಲಬಲ್ಲವನಾಗಿದ್ದೆ. ನನಗೆ ತಿಂಗಳ ಸಂಬಳವಿತ್ತು, ಜೇಬಿನಲ್ಲಿ ಫೋನಿತ್ತು, ಹಿಂದೆ ಒಂದು ದೇಶದ ಪಾಸ್‌ಪೋರ್ಟಿತ್ತು. ಮಟಾಟು ಡ್ರೈವರ್ ಒಂದೂವರೆ ಗಂಟೆ ನಿಂತರೆ ಅವನ ಆ ದಿನದ ಕೂಲಿ ಹೋಯಿತು. ನಾಳೆ ಅದೇ ಪೊಲೀಸಿನ ಮುಂದೆ ಅವನು ಮತ್ತೆ ಹಾಯಬೇಕು. ಬೇಡ ಎನ್ನಲು ಅವನಿಗೆ ಆಗುವ ಖರ್ಚಿನ ಮುಂದೆ ನನಗಾಗುವ ಖರ್ಚು ಏನೂ ಅಲ್ಲ. ಹಾಗಿದ್ದೂ ಬೇಡ ಎನ್ನಬಲ್ಲ ನಾವೇ ಮೊದಲು ನೋಟು ತೆಗೆಯುತ್ತೇವೆ, ಅದಕ್ಕೆ ಜಾಣತನ ಎನ್ನುತ್ತೇವೆ, ಅದರ ಬಾಕಿಯನ್ನು ನಿಲ್ಲಲಾಗದವನ ತಲೆಗೆ ಕಟ್ಟಿ ವಿಮಾನ ಹತ್ತುತ್ತೇವೆ.

ಮುಂದಿನ ಮದುವೆಯಲ್ಲಿ ಆ ಕಥೆ ಮತ್ತೆ ಬರುತ್ತದೆ. ಹೇಳುವವರು ನಿಮ್ಮ ಮಾವನೋ, ಅಣ್ಣನೋ, ಕ್ಲಾಸಿನ ಗೆಳೆಯನೋ ಇರಬಹುದು. ಜಗಳ ಆಡಬೇಕಾಗಿಲ್ಲ. 'ಅಲ್ಲಿ ದಿನಾ ಓಡಾಡುವವರು ಎಷ್ಟು ಕೊಡುತ್ತಾರಂತೆ?' ಎಂದು ಮಾತ್ರ ಕೇಳಿ ನೋಡಿ.